ಲೇಸ್ ಕಟ್ಟದ ಕೋಚಮ್ಮ

ಬಸ್ ಕಂಡಕ್ಟರಮ್ಮ ಮಕ್ಕಳ ಫುಟ್‌ಬಾಲ್ ತಂಡಕ್ಕೆ ಕೋಚ್ ಆದದ್ದು ಗಂಡನ ಅಣ್ಣನ ಬಾಯಿಮಾತಿನಲ್ಲಿ. ಹಳೆಯ ಕೋಚ್ ಕೈಕೊಟ್ಟಿದ್ದ. ತಂಡದ ಕಾರ್ಯದರ್ಶಿಯಾಗಿದ್ದ ಭಾವ, "ನಿಂಗೆ ಹೇಗೂ ಮಧ್ಯಾಹ್ನದ ಡ್ಯೂಟಿ. ಬೆಳಗ್ಗೆ ಆರಕ್ಕೆ ಹೋಗಿ ಮಕ್ಕಳನ್ನ ಒಂಚೂರು ಓಡಾಡಿಸಮ್ಮ. ಸೀಟಿ ಊದೋದಂತೂ ಗೊತ್ತಲ್ಲ" ಎಂದು ನಕ್ಕ.

ಅವಳು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಪಾತ್ರೆ ತಿಕ್ಕುವಾಗ ಫೋನನ್ನು ಕಿಟಕಿಗೆ ಒರಗಿಸಿ, ಚೆಂಡನ್ನು ಪಾಸ್ ಕೊಡುವುದು ಹೇಗೆ, ಮೈದಾನದಲ್ಲಿ ಜಾಗ ಹಿಡಿಯುವುದು ಹೇಗೆ ಎಂದು ನೋಡಿದಳು. ಆದರೆ ಮೊದಲ ವಾರ ಪೂರ್ತಿ ಲೇಸ್‌ಗೇ ಬಲಿಯಾಯಿತು. ಎಂಟೊಂಬತ್ತು ವರ್ಷದ ಹದಿನಾಲ್ಕು ಮಕ್ಕಳು ಒಬ್ಬರಾದ ಮೇಲೊಬ್ಬರು ಬಂದು ಕಾಲು ಚಾಚುವುದು, ಅವಳು ಮಣ್ಣಲ್ಲಿ ಮಂಡಿಯೂರಿ ಕಟ್ಟುವುದು. ಬಾಯಿಬಿಟ್ಟು ಯಾರೂ ಕೇಳಲಿಲ್ಲ. ಬಚ್ಚಲಿನಿಂದ ಗಂಡನ ಕೈ ಟವೆಲ್ಲಿಗಾಗಿ ಹೊರಗೆ ಬರುವ ಹಾಗೆ, ಕಾಲು ಮಾತ್ರ ಬರುತ್ತಿತ್ತು.

ಎರಡನೆಯ ಸೋಮವಾರ ಅವಳು ಚೆಂಡನ್ನು ಚೀಲದಿಂದ ತೆಗೆಯಲೇ ಇಲ್ಲ. ಲೇಸ್ ಕಟ್ಟುವುದನ್ನು ಕಲಿಸಿದಳು, ಅಷ್ಟೇ. "ಇನ್ಮೇಲೆ ನಾನು ಯಾರ ಶೂಗೂ ಕೈ ಹಾಕಲ್ಲ" ಎಂದಳು.

ಸಂಜೆಯೊಳಗೆ ಅಪ್ಪಂದಿರು ಕೆಂಡವಾಗಿದ್ದರು. "ಇವಳೇನು ಕೋಚೋ, ಶಿಶುವಿಹಾರದ ಟೀಚರೋ?" "ಕಟ್ಟಿದ್ರೆ ಕೈ ಸವೆದು ಹೋಗುತ್ತಾ?"

ಭಾವ ಮನೆಗೇ ಬಂದ. "ಹೆಂಗಸು, ಮಕ್ಕಳನ್ನ ನೋಡ್ಕೋತಾಳೆ ಅಂತ ಕೊಟ್ಟಿದ್ದು. ಭಾನುವಾರದ ಮ್ಯಾಚ್ ಸೋತ್ರೆ ನಿನ್ನ ಕೋಚ್‌ಗಿರಿ ಮುಗೀತು."

ಗಂಡ ಪೇಪರಿನಿಂದ ತಲೆಯೆತ್ತಲಿಲ್ಲ. ಅವಳಿಗೆ ಮಾತ್ರ ಬಿಟ್ಟುಕೊಡುವ ಮನಸ್ಸಿರಲಿಲ್ಲ. ಇಡೀ ದಿನದಲ್ಲಿ ಆ ಒಂದು ಗಂಟೆ, ತಲೆಗೆ ಕೆಲಸ ಕೊಟ್ಟು ನಿಲ್ಲುವುದರ ರುಚಿ ಅವಳಿಗೆ ಹತ್ತಿತ್ತು.

ಭಾನುವಾರ ಎರಡೂ ಕಡೆ ಒಂದೊಂದು ಗೋಲು, ಐದು ನಿಮಿಷ ಬಾಕಿ. ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಭಾವನ ಮಗನ ಲೇಸ್ ಬಿಚ್ಚಿಹೋಯಿತು. "ಚಿಕ್ಕಮ್ಮಾ!" ಎನ್ನುತ್ತ ಗೆರೆಯ ಬಳಿಗೆ ಓಡಿಬಂದ.

"ಏನ್ ಗೊಂಬೆ ಥರ ನಿಂತಿದೀಯ? ಕಟ್ಟೇ!" ಭಾವ ಅರಚಿದ.

ಅವಳು ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದಳು. "ನಿಂಗೆ ಬರುತ್ತೆ ಮರಿ. ಕೂತ್ಕೊಂಡು ಕಟ್ಕೋ."

ಹುಡುಗ ಕೂತ. ಒಮ್ಮೆ ಗಂಟು ಜಾರಿತು, ಮತ್ತೆ ಕಟ್ಟಿದ. ಅಷ್ಟರಲ್ಲಿ ಎದುರಾಳಿಗಳು ಅವನಿಲ್ಲದ ಜಾಗದಲ್ಲೇ ನುಗ್ಗಿ ಗೋಲು ಹೊಡೆದರು. ಪಂದ್ಯ ಕೈತಪ್ಪಿತು.

ಅಪ್ಪಂದಿರು ಅವಳನ್ನು ಸುತ್ತುವರಿದರು. "ಸೀಟಿ ಕೊಡು" ಎಂದ ಭಾವ.

ಕೊರಳಿನಿಂದ ತೆಗೆದು ಕೊಟ್ಟಳು. "ನಾಳೆ ಬೆಳಗ್ಗೆ ಆರಕ್ಕೆ ಯಾರು ಬರ್ತೀರಿ ಭಾವಾ?"

ಭಾವ ಪಕ್ಕದವನ ಮುಖ ನೋಡಿದ. ಅವನಿಗೆ ಬೆನ್ನುನೋವು. ಇನ್ನೊಬ್ಬನಿಗೆ ಬೆಳಗಿನ ನಿದ್ದೆ ಕೆಟ್ಟರೆ ದಿನವಿಡೀ ತಲೆ ಭಾರವಂತೆ. ಮತ್ತೊಬ್ಬ ಗಂಟಲು ಸರಿಮಾಡಿಕೊಂಡು, "ಬೇಕಾದ್ರೆ ನಮ್ಮನೆಯವಳನ್ನ ಕಳಿಸ್ತೀನಿ" ಎಂದ.

"ಕಳಿಸಿ. ಅವರಿಗೂ ಕಲಿಸ್ತೀನಿ" ಎಂದವಳೇ, ಭಾವನ ಕೈಯಿಂದ ಸೀಟಿಯನ್ನು ಎತ್ತಿಕೊಂಡಳು. ಅಪ್ಪಂದಿರು ಅವಳ ಮುಖ ನೋಡದೆ ಮಕ್ಕಳನ್ನು ಕರೆದುಕೊಂಡು ಮನೆ ಕಡೆ ಹೊರಟರು.