ಗಿರಣಿ ನಾಯಿಗಳ ಸಂಘವೂ ಎರಡು ಇಂಚೂ

ಮಾಸ್ಟರ್ ಸಂಘ ಕಟ್ಟಿದ್ದು ತಮ್ಮ ನಾಯಿಗೊಂದು ಗಂಡು ಹುಡುಕುವುದಕ್ಕೆ, ಅಧ್ಯಕ್ಷರಾಗುವುದಕ್ಕಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಅವರೇ ಇದನ್ನು ಮರೆತುಬಿಟ್ಟರು.

ಮಾಸ್ಟರ್ ಎಂದರೆ ಪಾಠ ಹೇಳುವವರಲ್ಲ, ಟೈಲರ್. ಆ ಬೀದಿಯ ಗಂಡಸರ ಪ್ಯಾಂಟುಗಳೆಲ್ಲ ಅವರ ಕತ್ತರಿಯಿಂದಲೇ ಹುಟ್ಟಿದವು. ಅವರ ನಾಯಿಯ ಹೆಸರು ಗುಂಡಿ. ಮರಿಯಾಗಿದ್ದಾಗ ಷರ್ಟಿನ ಗುಂಡಿಯೊಂದನ್ನು ನುಂಗಿ ದಕ್ಕಿಸಿಕೊಂಡಿದ್ದಳು. ಹಿಂದೆ ಬಟ್ಟೆ ಗಿರಣಿಯಲ್ಲಿ ಇಲಿ ಹಿಡಿಯುವುದಕ್ಕೆಂದೇ ಸಾಕುತ್ತಿದ್ದ ತಳಿ ಅವಳದು. ಕುಳ್ಳು ಕಾಲು, ಉದ್ದ ಮೈ, ಸುರುಳಿ ಬಾಲ. ಗಿರಣಿ ನಾಯಿ ಬೊಗಳುವುದಿಲ್ಲ, ಗೊಣಗುತ್ತದೆ. "ಈ ಮನೇಲಿ ಗೊಣಗೋದಕ್ಕೂ ನನಗೆ ಪೈಪೋಟಿ" ಎನ್ನುತ್ತಿದ್ದರು ಮಾಸ್ಟರ ಹೆಂಡತಿ. ಗಿರಣಿ ಮುಚ್ಚಿ ಬಹಳ ಕಾಲವಾಗಿತ್ತು. ನಾಯಿಗಳು ಎಲ್ಲೆಲ್ಲೋ ಚದುರಿಹೋಗಿದ್ದವು.

ಒಂದು ದಿನ ನಾಯಿ ಡಾಕ್ಟರು ಗುಂಡಿಯ ಹಲ್ಲು ನೋಡಿ, "ಮಾಸ್ಟರ್, ಇವಳಿಗೆ ವಯಸ್ಸಾಗ್ತಾ ಬಂತು. ಮರಿ ಬೇಕು ಅಂದ್ರೆ ಮುಂದಿನ ಸಲ ಬೆದೆಗೆ ಬಂದಾಗಲೇ ಆಗಬೇಕು. ಆಮೇಲೆ ನಾನಂತೂ ಒಪ್ಪಲ್ಲ" ಎಂದರು.

"ಈ ತಳಿ ಗಂಡು ಎಲ್ಲಿಂದ ತರಲಿ ಡಾಕ್ಟ್ರೇ?"

"ಒಂದು ಸಂಘ ಮಾಡಿ. ಯಾರ ಹತ್ರ ಇದೆಯೋ ಅವರೇ ಹುಡುಕಿಕೊಂಡು ಬರ್ತಾರೆ."

ಗುಂಡಿ ಹೋದಮೇಲೆ ಅವಳಂಥದ್ದು ಇನ್ನೊಂದು ಇರುವುದೇ ಇಲ್ಲವಲ್ಲ ಎಂಬ ಸಂಕಟಕ್ಕೆ ಮಾಸ್ಟರಿಗೆ ಅವತ್ತು ಊಟ ಸೇರಲಿಲ್ಲ. ವಾರದೊಳಗೆ ಅಂಗಡಿ ಮುಂದೆ ಸಂಘದ ಬೋರ್ಡು ಬಂತು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಅಧ್ಯಕ್ಷಗಿರಿ ಬಂದ ಮರುದಿನವೇ ಮಾಸ್ಟರ ನಡಿಗೆ ಬದಲಾಯಿತು. ಅಪ್ಪಟ ತಳಿ ಎಂದಮೇಲೆ ಅಳತೆ ಬೇಡವೇ? ಗುಂಡಿಯನ್ನು ಕಟಿಂಗ್ ಮೇಜಿನ ಮೇಲೆ ನಿಲ್ಲಿಸಿ, ಟೇಪು ಸುತ್ತಿ, ಕುತ್ತಿಗೆ, ಎದೆ, ಸೊಂಟ ಎಲ್ಲವನ್ನೂ ಅಳೆದು ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದರು. ಇದಕ್ಕೆ ಹೊಂದಿದರೆ ಗಿರಣಿ ನಾಯಿ, ಹೊಂದದಿದ್ದರೆ ಬರೀ ನಾಯಿ.

ಮೊದಲು ಬಂದದ್ದು ಹಿಂದಿನ ಬೀದಿಯ ಬೇಕರಿ ಅಕ್ಕ, ಜೊತೆಗೆ ಅವಳ ಗಂಡು ನಾಯಿ ರಸ್ಕ್. ಕಂಡಕಂಡವರಿಗೆಲ್ಲ ಗೊಣಗುವ ಗುಂಡಿ ರಸ್ಕನ್ನು ಕಂಡವಳೇ ಬಾಯಿ ಮುಚ್ಚಿಕೊಂಡು ಬಾಲ ಆಡಿಸಿದಳು. ಮಾಸ್ಟರ್ ಅದನ್ನು ನೋಡಿದರೆ ತಾನೆ? ಅವರು ಟೇಪು ನೋಡುತ್ತಿದ್ದರು.

"ಎದೆ ಎರಡಿಂಚು ಕಮ್ಮಿ. ಸೊಂಟಾನೂ ಅಷ್ಟೇ. ಇದು ಬೆರಕೆ ಅಕ್ಕ, ಅಪ್ಪಟ ಅಲ್ಲ!" ಎಂದರು, ಬೀದಿಗೆಲ್ಲ ಕೇಳುವ ಹಾಗೆ.

"ಬೆರಕೆ ನಿಮ್ಮ ಟೇಪು!" ಎಂದವಳೇ ಅಕ್ಕ ರಸ್ಕನ್ನು ಎಳೆದುಕೊಂಡು, ಸಭೆಗೆಂದು ತಂದಿದ್ದ ಬನ್ನಿನ ಡಬ್ಬಿಯನ್ನೂ ಎತ್ತಿಕೊಂಡು ಹೊರಟೇಹೋದಳು.

"ನಾಯಿ ಹೋದ್ರೆ ಹೋಗ್ಲಿ, ಬನ್ನು ಬಿಟ್ಟು ಹೋಗಬಾರದಿತ್ತಾ" ಎಂದು ಮಾಸ್ಟರ ಹೆಂಡತಿ ನಿಟ್ಟುಸಿರುಬಿಟ್ಟರು.

ಆಮೇಲೆ ಒಬ್ಬ ಲಾರಿ ಡ್ರೈವರ್ ಬಂದ, ಒಬ್ಬಳು ಅಜ್ಜಿ ಬಂದಳು. ಇಬ್ಬರ ನಾಯಿಗಳೂ ಹೆಣ್ಣು. ಸಾಲದ್ದಕ್ಕೆ ಎದೆಯಲ್ಲಿ ಎರಡಿಂಚು ಕಮ್ಮಿ. ಅಧ್ಯಕ್ಷರು ಅವರನ್ನೂ ಸಾಗಹಾಕಿದರು. ಹೀಗೆ ಸಂಘದಲ್ಲಿ ಅಧ್ಯಕ್ಷರೊಬ್ಬರೇ ಉಳಿದರು, ಬೋರ್ಡು ಬಿಟ್ಟರೆ.

ಅಷ್ಟರಲ್ಲಿ ಗುಂಡಿ ಬೆದೆಗೆ ಬಂದಳು. ಇನ್ನು ನಾಲ್ಕು ದಿನ, ಅಷ್ಟೇ, ಎಂದುಬಿಟ್ಟರು ಡಾಕ್ಟರು. ಮಾಸ್ಟರ್ ಮಷೀನಿನ ಮುಂದೆ ಮಂಕಾಗಿ ಕೂತರು. ಹೆಂಡತಿಗೆ ತಡೆಯಲಾಗಲಿಲ್ಲ. ಗಂಡನ ಕೊರಳಲ್ಲಿದ್ದ ಟೇಪನ್ನು ಕಿತ್ತುಕೊಂಡು ಗುಂಡಿಯ ಎದೆಗೇ ಸುತ್ತಿದರು. ಗೋಡೆ ನೋಡಿದರು. ಮತ್ತೊಮ್ಮೆ ಟೇಪು ನೋಡಿದರು.

"ರೀ, ಇವಳೂ ಎರಡಿಂಚು ಕಮ್ಮಿ. ಇವಳೂ ಬೆರಕೇನಾ?"

ಮಾಸ್ಟರ್ ತಲೆ ಮೇಲೆ ಕೈಹೊತ್ತರು. ಎಲ್ಲ ಟೈಲರುಗಳೂ ಬಟ್ಟೆಗೆ ಸ್ವಲ್ಪ ಲೂಸ್ ಬಿಡುತ್ತಾರೆ. ಮಾಸ್ಟರ್ ಅದರ ಮೇಲೆ ಇನ್ನೂ ಎರಡಿಂಚು ಸೇರಿಸಿ ಬರೆಯುವವರು. ಬಿಗಿಯಾದರೆ ಗಿರಾಕಿ ಜಗಳಕ್ಕೆ ಬರುತ್ತಾನೆ. ಸಡಿಲವಾದರೆ, "ಸ್ವಲ್ಪ ಇಳಿದಿದ್ದೀರಿ ಅಲ್ವಾ ಸಾರ್?" ಅಂದರೆ ಸಾಕು, ಹಿಗ್ಗಿ ಹೀರೇಕಾಯಿಯಾಗಿ ಹೋಗುತ್ತಾನೆ. ಅದೇ ಕೈ ನಾಯಿಗೂ ಎರಡಿಂಚು ಸೇರಿಸಿತ್ತು. ಮೈಗಂಟಿದ ಚಾಳಿ, ನಾಯಿ ಪ್ಯಾಂಟು ಹಾಕುವುದಿಲ್ಲ ಎಂದು ಅದಕ್ಕೇನು ಗೊತ್ತು!

ಮಾಸ್ಟರ್ ಬೇಕರಿಗೆ ಓಡಿದರು. ಬಿಸಿ ಬ್ರೆಡ್ಡು ಬರುವ ಹೊತ್ತು, ಬಾಗಿಲ ತುಂಬ ಜನ. ಗಲ್ಲಾದ ಹತ್ತಿರ ಬಗ್ಗಿ, ಪಿಸುಮಾತಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡು, "ತಪ್ಪಾಯ್ತು ಅಕ್ಕ. ರಸ್ಕನ್ನ ಕಳಿಸಿಕೊಡಿ" ಎಂದರು.

ಅಕ್ಕ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. "ನಮ್ಮಪ್ಪ ಆ ಗಿರಣೀಲಿ ಕಾವಲುಗಾರ. ಮುಚ್ಚಿದ ದಿನ ಬುತ್ತಿ ಚೀಲದಲ್ಲಿ ಒಂದು ಮರಿ ಇಟ್ಕೊಂಡು ಮನೆಗೆ ಬಂದ. ಒಂದು ಜನ್ಮ ದುಡಿದಿದ್ದಕ್ಕೆ ಅವನು ತಂದಿದ್ದು ಅದೊಂದೇ. ಅದರ ಮೊಮ್ಮಗ ಇವನು. ನೀವು ಬೆರಕೆ ಅಂದಿದ್ದು ನಾಯಿಗಲ್ಲ ಮಾಸ್ಟರ್, ನಮ್ಮಪ್ಪ ಸುಳ್ಳುಗಾರ ಅಂದ ಹಾಗಾಯ್ತು." ಅವಳು ಬಾಗಿಲ ಕಡೆ ಕೈ ತೋರಿಸಿದಳು. "ಅವತ್ತು ಬೀದಿಗೆಲ್ಲ ಕೇಳೋ ಹಾಗೆ ಅಂದ್ರಲ್ಲ, ಇವತ್ತೂ ಹಾಗೇ ಹೇಳಿ. ಹೇಗೆ ತಪ್ಪಾಯ್ತು ಅನ್ನೋದನ್ನೂ ಸೇರಿಸಿ ಹೇಳಿ, ಇಲ್ಲದಿದ್ರೆ ಯಾರೂ ನಂಬಲ್ಲ."

ಮಾಸ್ಟರ್ ಹಿಂದೆ ತಿರುಗಿ ನೋಡಿದರು. ನಿಂತ ಗಂಡಸರೆಲ್ಲ ಅವರ ಗಿರಾಕಿಗಳೇ. ಅಳತೆಯ ಗುಟ್ಟು ಬಿಟ್ಟುಕೊಟ್ಟರೆ ಅಂಗಡಿಯ ಮಾನ ಮೂರುಕಾಸಿಗೆ. ಬಿಟ್ಟುಕೊಡದಿದ್ದರೆ ಗುಂಡಿಯೊಂದಿಗೆ ಅವಳ ವಂಶವೂ ಮುಗಿಯಿತು.

"ರಸ್ಕ್ ಅಪ್ಪಟ ಗಿರಣಿ ನಾಯಿ!" ಎಂದು ಕೂಗಿದರು. "ಅಕ್ಕನ ಅಪ್ಪ ತಂದ ವಂಶ ಅದು. ನಾನೇ ಅಳತೇಲಿ ಎರಡಿಂಚು ಜಾಸ್ತಿ ಬರೆದಿದ್ದೆ. ಎಲ್ಲರಿಗೂ ಹಾಗೇ ಬರೀತೀನಿ."

ಬೇಕರಿಯಲ್ಲಿದ್ದ ಒಬ್ಬೊಬ್ಬರ ಕೈಯೂ ಮೆಲ್ಲಗೆ ಸೊಂಟಕ್ಕೆ ಹೋಯಿತು. ಸಾಲಿನ ನಡುವೆ ಎರಡು ಕೇಕು ಹಿಡಿದಿದ್ದ ಬ್ಯಾಂಕಿನ ಗುಮಾಸ್ತರು ನಡುಗುವ ದನಿಯಲ್ಲಿ ಕೇಳಿದರು:

"ಮಾಸ್ಟರ್... ಹಾಗಾದ್ರೆ ನಾನು ಇಳಿದಿಲ್ವಾ?"

"ಇಲ್ಲ ಸಾರ್. ಒಂದು ನೂಲೂ ಇಳಿದಿಲ್ಲ."

ಕೆಲವರು ಬೈದರು, ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಮಾಸ್ತರು ಒಂದು ಕೇಕನ್ನು ವಾಪಸಿಟ್ಟರು. ಮಾಸ್ಟರ್ ತಲೆ ತಗ್ಗಿಸಿ ನಿಂತೇ ಇದ್ದರು.

ಅಕ್ಕ ನಗಲಿಲ್ಲ. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಒಲೆಯ ಪಕ್ಕ ಮಲಗಿದ್ದ ರಸ್ಕನ್ನು ಎಬ್ಬಿಸಿ, ಒದ್ದೆ ಬಟ್ಟೆಯಲ್ಲಿ ಅವನ ಮೂತಿ ಒರೆಸಿ, ಬೆನ್ನಿನ ಕೂದಲು ನೀವಿ ಸರಿಮಾಡಿದಳು. ಆಮೇಲೆ ಗಲ್ಲಾಕ್ಕೆ ಬೀಗ ಹಾಕಿದಳು.

"ನಡೀರಿ ಬೀಗರೇ," ಎಂದಳು. "ಹೊತ್ತಾಗ್ತಿದೆ, ಹೆಣ್ಣಿನ ಮನೇಲಿ ಕಾಯ್ತಿರ್ತಾರೆ."