ಮೇಲಿನ ತಟ್ಟೆಯ ಮೇಣದಬತ್ತಿ

ವಾಲ್ಯೆವೊ ಊರಿನಲ್ಲಿ ರಜಾಯಿ ಹೊಲಿಯುವ ದೆಸಾಂಕಾಗೆ ಪರರ ಮನೆ ಸುದ್ದಿ ಬೇಡವೆಂದರೆ ಯಾರೂ ನಂಬುವುದಿಲ್ಲ. ಸೂಜಿಗಿಂತ ಅವಳ ಕಿವಿಯೇ ಚುರುಕು. ಆದರೆ ಒಂದು ಸುದ್ದಿ ಮಾತ್ರ ಆ ಕಿವಿಗೆ ಇಂದಿಗೂ ಬಿದ್ದಿಲ್ಲ: ಯಾಗೋದಾ ಇದ್ದಾಳೋ, ಇಲ್ಲವೋ.

ಯಾಗೋದಾ ಇಡೀ ದೇಶವನ್ನು ಕುಣಿಸಿದ ಪಾಪ್ ಗಾಯಕಿ. ಹೆಸರು ಬರುವ ಮೊದಲು ದೆಸಾಂಕಾಳ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ. ಇಬ್ಬರೂ ಅಂಗಳದಲ್ಲಿ ಕೂತು ಸುಟ್ಟ ದೊಣ್ಣೆಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದರು. ಅವಳು ಹಾಡುತ್ತ ಕೆಲಸ ಮರೆತರೆ ಇವಳು ಗದರುತ್ತಿದ್ದಳು. ಹೆಸರು ತುತ್ತತುದಿ ಮುಟ್ಟಿದ್ದಾಗಲೇ ವಿದೇಶಕ್ಕೆ ಹೋದ ಯಾಗೋದಾಳ ಪತ್ತೆ ಆಮೇಲೆ ಸಿಗಲೇ ಇಲ್ಲ. ಅಂದಿನಿಂದ ದೆಸಾಂಕಾ ಪ್ರತಿ ಭಾನುವಾರ ಚರ್ಚಿನಲ್ಲಿ ಅವಳ ಹೆಸರಿನಲ್ಲಿ ಮೇಣದಬತ್ತಿ ಹಚ್ಚುತ್ತಾಳೆ. ಅಲ್ಲಿ ಬದುಕಿರುವವರಿಗೆ ಮೇಲಿನ ತಟ್ಟೆ, ಸತ್ತವರಿಗೆ ಕೆಳಗಿನದು. ಇವಳು ಇಡುವುದು ಯಾವಾಗಲೂ ಮೇಲೆ.

ಈಗ ಯಾಗೋದಾಳ ಜೀವನದ ಮೇಲೆ ಹಾಡು ಕುಣಿತದ ಸಿನಿಮಾ. ನಿರ್ದೇಶಕ ಓಗ್ನ್ಯೆನ್ ಕೊನೆಯ ದೃಶ್ಯ ತೆಗೆಯಲು ಅದೇ ಚರ್ಚಿಗೆ ಬಂದ. ಗಾಯಕಿ ತೀರಿಕೊಂಡ ಸುದ್ದಿ ಕೇಳಿ ಅವಳ ಹಳೆಯ ಮನೆಯೊಡತಿ ಮೇಣದಬತ್ತಿ ಹಚ್ಚಬೇಕು. ಆ ಪಾತ್ರಕ್ಕೆ ದೆಸಾಂಕಾಳನ್ನೇ ಕರೆದ. ಸತ್ತ ಸುದ್ದಿ ಇವನಿಗೆ ಎಲ್ಲಿಂದ ಸಿಕ್ಕಿತು ಎಂಬ ಕುತೂಹಲ ತಡೆಯಲಾರದೆ ಅವಳು ಒಪ್ಪಿಕೊಂಡಳು.

ಕ್ಯಾಮೆರಾ ಓಡಿತು. ಮೇಣದಬತ್ತಿ ಹಚ್ಚಿದಳು. ಕೈ ತಾನಾಗಿ ಮೇಲಿನ ತಟ್ಟೆಗೇ ಹೋಯಿತು. ಮತ್ತೆ ತೆಗೆದರು, ಮತ್ತೆ ಮೇಲೆಯೇ.

“ಅಜ್ಜಿ, ಕೆಳಗಿಡಿ. ಅವರು ತೀರ್ಕೊಂಡಿದ್ದಾರಲ್ಲ,” ಎಂದ ಓಗ್ನ್ಯೆನ್.

“ನೀನು ಕಣ್ಣಾರೆ ನೋಡಿದ್ಯೇನಪ್ಪಾ?”

ಅವನು ತಲೆ ಕೆರೆದುಕೊಂಡ. ನೋಡಿದವರು ಯಾರೂ ಇಲ್ಲ, ಸಿನಿಮಾಗೆ ಒಂದು ಮುಕ್ತಾಯ ಬೇಕಿತ್ತು ಎಂದು ಒಪ್ಪಿಕೊಂಡ. ಮುಕ್ತಾಯ ನಿನ್ನ ಸಿನಿಮಾಗಿರಲಿ, ನನ್ನ ಹುಡುಗಿಗೆ ಬೇಡ ಎಂದು ದೆಸಾಂಕಾ ಕೈಕಟ್ಟಿ ನಿಂತಳು. ಹಟಕ್ಕೆ ಬಿದ್ದ ಮುದುಕಿಯ ಮುಂದೆ ಯಾವ ನಿರ್ದೇಶಕನ ಆಟವೂ ನಡೆಯುವುದಿಲ್ಲ. ಸಾಕಾಗಿ ಅವನು ಮೇಲಿಟ್ಟದ್ದನ್ನೇ ಉಳಿಸಿಕೊಂಡ.

ಊರಿನ ಚಿತ್ರಮಂದಿರದಲ್ಲಿ ಆ ಕೈ ಪರದೆಯ ತುಂಬ ಮೇಲೇರಿದಾಗ, ಅಳುತ್ತಿದ್ದವರು ಅಳು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿನಿಮಾ ಮುಗಿದದ್ದೇ ತಡ, ಜನ ದೆಸಾಂಕಾಳನ್ನು ಸುತ್ತುಗಟ್ಟಿದರು. ಪಕ್ಕದ ಮನೆಯ ಮಿಲಿಯಾ ಅವಳ ತೋಳು ಹಿಡಿದು ಕೇಳಿಯೇಬಿಟ್ಟಳು.

“ಬದುಕಿದ್ದಾಳಾ? ನಿನಗೆ ಗೊತ್ತಿದೆ, ಹೇಳಕ್ಕಾ.”

ಅಷ್ಟು ಜನ ತನ್ನ ಬಾಯನ್ನೇ ನೋಡುತ್ತಿರುವುದು ಕಂಡು ದೆಸಾಂಕಾಗೆ ಹೆದರಿಕೆಯಾಯಿತು.

“ಗೊತ್ತಿದ್ದಿದ್ರೆ ಮೇಣದಬತ್ತಿ ಯಾಕೆ ಹಚ್ತಿದ್ದೆ ಕಣೇ? ಫೋನ್ ಮಾಡ್ತಿದ್ದೆ.”