ಪಿಕಪ್ಪಿಗೆ ಕಿವಿಗೊಡುವ ಸಮದಚಾಚಾ

“ಆಯೀ, ಸಮದಚಾಚಾ ಎಲ್ಲಾರ ಮ್ಯಾಲೂ ಯಾಕ ಒದರ್ತಾರ?” ಎಂದು ಮಗಳು ಮುಗ್ಧಾ ಕೇಳಿದಾಗ ಕೇತಕಿಗೆ ನಗು ಬಂತು. ಖಾನಾಪುರ ರಸ್ತೆಯ ಗ್ಯಾರೇಜಿನಲ್ಲಿ ಚಾಚಾ ಕೂಗಿದರೆ ಅತ್ತ ಕಾಕತಿಯಲ್ಲಿ ಎತ್ತುಗಳು ಬೆದರುತ್ತವೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಕೆಯನ್ನು ಕಿವಿಗೂ ಹಚ್ಚಿ, “ನೀವು ಸುಮ್ಕಿರ್ರಿ, ಏನಾಗೇತಂತ ಗಾಡೀನ ಹೇಳ್ತೈತಿ” ಎಂದು ಗದರುವುದು ಅವರ ರೂಢಿ. ಕೇತಕಿಯ ಅಪ್ಪನ ಕಾಲದ ಪಿಕಪ್ ಎಂದರಂತೂ ಅವರಿಗೆ ಜೀವ. ಮುಗ್ಧಾ ಹುಟ್ಟುವಾಗ ಬೇನೆ ತಿನ್ನುತ್ತಿದ್ದ ಕೇತಕಿಯನ್ನು ಖಾನಾಪುರದಿಂದ ಬೆಳಗಾವಿಯ ಆಸ್ಪತ್ರೆಗೆ ಹೊತ್ತು ತಂದದ್ದು ಅದೇ ಗಾಡಿ. ಆ ಉಪಕಾರಕ್ಕೆ ದಸರೆಯ ಖಂಡೇಪೂಜೆಯ ದಿನ ಆಕೆ ತನ್ನ ಸ್ಕೂಟಿಗಿಂತ ಮೊದಲು ಅದಕ್ಕೇ ಚೆಂಡುಹೂವಿನ ಮಾಲೆ ಹಾಕುತ್ತಾಳೆ. ಗಾಡಿಯ ತುಕ್ಕು ತಿಕ್ಕಿ, ಬಣ್ಣ ಬಳಿದು, ಚಾಚಾ ಈಗ ಅದಕ್ಕೆ ಹೊಸ ಕಾಲದ ಇಂಜಿನ್ ಕೂರಿಸಿದ್ದಾರೆ. ಇಂದು ಚಾವಿ ತಿರುಗಿಸಿ, ಸ್ಕ್ರೂಡ್ರೈವರ್ ಹಚ್ಚಿ, ಬಹಳ ಹೊತ್ತು ಕಣ್ಣು ಮುಚ್ಚಿ ನಿಂತರು. ಇಂಜಿನ್ ಮೆಲ್ಲಗೆ ಗುನುಗುತ್ತಿತ್ತು. ಆಮೇಲೆ ಕೇತಕಿಯನ್ನು ಬಾಜೂಕ ಕರೆದು, ಎಂದೂ ಇಲ್ಲದಂತೆ ದನಿ ತಗ್ಗಿಸಿದರು: “ಬೇಟಾ, ಯಾರ ಮುಂದೂ ಹೇಳಬ್ಯಾಡ. ಕೈಗೆ ಇಂಜಿನ್ನಿನ ನಡುಕ ಹತ್ತತೈತಿ, ಆದ್ರ ಕಿವಿಗೆ ಏನೂ ಕೇಳವಲ್ದು. ಹ್ಯಾಂಗ ಹಾಡಾಕತ್ತೈತಿ, ನೀನರ ಕೇಳಿ ಹೇಳು.”